ಟೈಲರಕ್ಕ ಗುಡ್ಡ ಇಳಿದ ಭಾನುವಾರ

"ನಲವತ್ತೆರಡು ವರ್ಷಕ್ಕೆ ಗುಡ್ಡದ ಮೇಲಿಂದ ಸೈಕಲ್ ಇಳಿಸ್ತೀನಿ ಅಂತೀಯಲ್ಲ, ತಲೆ ನೆಟ್ಟಗಿದೆಯಾ ನಿನಗೆ?" ಎಂದ ಗಂಡ.

"ನೆಟ್ಟಗಿರೋದನ್ನ ನೆಟ್ಟಗೇ ಇಡೋಕೆ ತಾನೇ ರೀ ಈ ಹೆಲ್ಮೆಟ್ಟು," ಎಂದಳು ಟೈಲರಕ್ಕ, ಹೆಲ್ಮೆಟ್ಟಿನ ಪಟ್ಟಿಗೆ ಕೊನೆಯ ಹೊಲಿಗೆ ಹಾಕಿ, ಹಲ್ಲಿನಿಂದ ದಾರ ಕಡಿದು.

ಬೀದಿಯವರೆಲ್ಲ ಅವಳನ್ನು ಕರೆಯುವುದೇ ಹಾಗೆ. ಗಂಡನೋ, ಸ್ಕೂಟರಿನಲ್ಲಿ ಮನೆಮನೆಗೆ ಕಾಗದ ಹಂಚುವ ಅಂಚೆಯಣ್ಣ. ಊರಂಚಿನ ಗುಡ್ಡದಲ್ಲಿ ಸೈಕಲ್ ಸವಾರರು ಇಳಿಯುವ ಕಡಿದಾದ ಕಾಲುದಾರಿಯೊಂದಿದೆ. ಅವರ ಮಂಡಿಪಟ್ಟಿ ಹರಿದಾಗ ಹೊಲಿದುಕೊಡುವವಳು ಟೈಲರಕ್ಕ. ಮೂರು ವರ್ಷದಿಂದ ನೋಡುತ್ತಿದ್ದಳು, ಪಟ್ಟಿಯ ತುಂಬ ಕೆಸರು, ತಂದವರ ಮುಖದ ತುಂಬ ನಗು. ಆ ನಗು ಎಲ್ಲಿ ಸಿಗುತ್ತದೆಂದು ಒಮ್ಮೆ ನೋಡಿಯೇ ಬಿಡಬೇಕೆಂದು ಆರು ತಿಂಗಳು ಮೈದಾನದಲ್ಲಿ ಅಭ್ಯಾಸ ಮಾಡಿದ್ದಳು.

"ಸರಿ, ಒಂದು ಮಾತು," ಎಂದ ಅಂಚೆಯಣ್ಣ. "ಬಿದ್ದೆಯೋ, ಅಲ್ಲಿಗೆ ಮುಗೀತು. ಮತ್ತೆ ಸೈಕಲ್ ಮುಟ್ಟಂಗಿಲ್ಲ."

"ಒಪ್ಪಿದೆ."

"ಕೆಳಗೆ ಕಾಯ್ತಿರ್ತೀನಿ. ಎತ್ತಿಕೊಂಡು ಬರೋಕೆ ಒಬ್ಬ ಬೇಕಲ್ಲ."

ಸ್ಕೂಟರ್ ಹೊರಟಿತು. ಅವನ ಹೆಲ್ಮೆಟ್ಟು ಎಂದಿನಂತೆ ಸ್ಕೂಟರಿನ ಕನ್ನಡಿಯಲ್ಲಿ ನೇತಾಡುತ್ತಿತ್ತು.

ಗುಡ್ಡದ ಮೇಲೆ ಸೈಕಲ್ ರಿಪೇರಿ ಅಂಗಡಿಯ ಹುಡುಗಿ ಕಾದಿದ್ದಳು. ಕಲಿಸಿದವಳೂ ಅವಳೇ. ಬ್ರೇಕು, ಗಾಳಿ ಎಲ್ಲ ನೋಡಿದಳು. ಕಡೆಗೆ ಟೈಲರಕ್ಕನ ಹಣೆಯ ಮೇಲೆ ಅಂಗೈಯಿಟ್ಟು ಹೆಲ್ಮೆಟ್ಟನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು. ಅದು ಜಾರಿ ಕತ್ತಿನ ಮೇಲೆ ಕೂತಿತು.

"ಅಕ್ಕ, ಏನಿದು?"

"ಪಟ್ಟಿ ಗದ್ದಕ್ಕೆ ಕಚ್ಚುತ್ತಿತ್ತು ಕಣೇ. ಬಿಚ್ಚಿ ಎರಡಿಂಚು ಉದ್ದ ಮಾಡಿದೆ. ತುರುಬು ಕೂರಲಿ ಅಂತ ಒಳಗೊಂದು ಮೆತ್ತೆಯೂ ಇಟ್ಟಿದೀನಿ."

"ಹೊಲಿಗೆಗೆ ನೂರಕ್ಕೆ ನೂರು. ತಲೆಗೆ ಸೊನ್ನೆ. ಅಂಗಿ ಆದ್ರೆ ಸಡಿಲ ಬಿಡಬಹುದು ಅಕ್ಕ. ಇದನ್ನ ಸಡಿಲ ಬಿಟ್ರೆ, ಬೀಳುವಾಗ ನಿನಗಿಂತ ಮುಂಚೆ ಹೆಲ್ಮೆಟ್ಟೇ ಹಾರಿಹೋಗತ್ತೆ. ಬಿಚ್ಚಿ ಹೊಲಿದ ಪಟ್ಟಿಯನ್ನ ನಂಬೋ ಹಾಗೂ ಇಲ್ಲ."

ಅವಳು ತನ್ನ ಚೀಲದಿಂದ ಇನ್ನೊಂದು ಹೆಲ್ಮೆಟ್ಟು ತೆಗೆದಳು. ತುರುಬು ಬಿಚ್ಚಿ ಕೆಳಗೆ ಜಡೆ ಹಾಕಿಸಿದಳು. "ನೋಡು, ಹುಬ್ಬಿನ ಮೇಲೆ ಎರಡು ಬೆರಳು. ಗದ್ದದ ಕೆಳಗೆ ಒಂದೇ ಬೆರಳು ತೂರಬೇಕು. ಈಗ ತಲೆ ಅಲ್ಲಾಡಿಸು."

ಹೆಲ್ಮೆಟ್ಟು ಕದಲಲಿಲ್ಲ.

"ಇಷ್ಟು ಸಲೀಸಾದ ಅಳತೆ, ಮೊದಲೇ ಹೇಳಬಾರದಿತ್ತಾ?"

"ಕತ್ತರಿ ಹಾಕೋಕೆ ಮುಂಚೆ ನೀನು ಕೇಳಬಾರದಿತ್ತಾ?"

ಮೊದಲು ಇಬ್ಬರೂ ದಾರಿಯುದ್ದಕ್ಕೂ ನಡೆದೇ ಇಳಿದರು. ಮರದ ಬೇರು ಎಲ್ಲಿ ಚಾಚಿದೆ, ಬಂಡೆ ಎಲ್ಲಿ ಮೆಟ್ಟಿಲಾಗಿದೆ, ಕಡೆಯ ತಿರುವಿನಲ್ಲಿ ಮಣ್ಣು ಎಷ್ಟು ಸಡಿಲ, ಎಲ್ಲ ನೋಡಿ ಮತ್ತೆ ಮೇಲೆ ಹತ್ತಿದರು.

"ಎದೆ ಡವಡವ ಅಂತಿದೆ ಕಣೇ."

"ಅನ್ನಲಿ ಬಿಡು. ಸೀಟಿಂದ ಏಳು, ಪೆಡಲ್ ಎರಡೂ ಸಮ ಇರಲಿ, ಮೊಣಕೈ ಸಡಿಲ. ಎರಡು ಬ್ರೇಕನ್ನೂ ಮೆಲ್ಲಗೆ ಹಿಡಿ. ಮಷೀನಲ್ಲಿ ಹೊಲಿಯುವಾಗ ಸೂಜಿ ನೋಡ್ತೀಯೋ, ಬಟ್ಟೆ ಹೋಗೋ ದಾರಿ ನೋಡ್ತೀಯೋ?"

"ಸೂಜಿ ನೋಡಿದ್ರೆ ಹೊಲಿಗೆ ಸೊಟ್ಟ."

"ಇಲ್ಲೂ ಅಷ್ಟೆ. ಕಲ್ಲು ನೋಡಿದ್ರೆ ಕಲ್ಲಿಗೇ ಹೋಗ್ತೀಯ."

ಟೈಲರಕ್ಕ ಹೊರಟಳು. ಬೇರುಗಳ ಮೇಲೆ ಸೈಕಲ್ ಕುಣಿಯಿತು, ಅವಳ ಹಲ್ಲೂ ಕುಣಿದವು. ಬಂಡೆಯ ಮೆಟ್ಟಿಲು ಬಂದಾಗ ಧೈರ್ಯ ಸಾಲಲಿಲ್ಲ. ಇಳಿದು ತಳ್ಳಿಕೊಂಡು ದಾಟಿದಳು. "ಭೇಷ್ ಅಕ್ಕ, ಇಳಿಯೋದೂ ಒಂದು ವಿದ್ಯೆ," ಎಂದಳು ಹಿಂದೆ ಬರುತ್ತಿದ್ದ ಹುಡುಗಿ. ಆಮೇಲಿನ ದಾರಿ ರೇಷ್ಮೆಯಂತೆ ನುಣ್ಣಗೆ ಸಾಗಿತು. ಗಾಳಿ ಕಿವಿಯಲ್ಲಿ ಸಿಳ್ಳೆ ಹೊಡೆಯಿತು. ತನ್ನ ಬಾಯಿಂದ ಶಾಲೆಯ ಮಗುವಿನಂಥ ಕೇಕೆ ಹೊರಟಿದ್ದು ಕೇಳಿ ಅವಳಿಗೇ ನಗು ಬಂತು.

ನಗುತ್ತಲೇ ಕಡೆಯ ತಿರುವಿನಲ್ಲಿ ಮುಂದಿನ ಬ್ರೇಕನ್ನು ಗಪ್ಪನೆ ಹಿಡಿದುಬಿಟ್ಟಳು. ಚಕ್ರ ಜಾರಿತು. ತಲೆ ಕಲ್ಲಿಗೆ ಟಪ್ಪೆಂದು ಬಡಿಯಿತು.

"ಅಲುಗಾಡಬೇಡ ಅಕ್ಕ. ಕತ್ತು ನೋಯುತ್ತಾ? ತಲೆ ಸುತ್ತುತ್ತಾ? ಇವತ್ತು ಯಾವ ವಾರ?"

"ಏನೂ ಇಲ್ಲ ಕಣೇ. ಭಾನುವಾರ. ಸೋಮವಾರ ಎರಡು ಪ್ಯಾಂಟು ಕೊಡಬೇಕು."

ಮೊಣಕೈ ತರಚಿತ್ತು, ಅಷ್ಟೇ. ಹೆಲ್ಮೆಟ್ಟು ಮಾತ್ರ ಕಿವಿಯ ಮೇಲೆ ಬಿರುಕು ಬಿಟ್ಟಿತ್ತು. ಇನ್ನು ಸವಾರಿ ಬೇಡವೆಂದು ಸೈಕಲ್ ತಳ್ಳಿಕೊಂಡು ಇಳಿಯತೊಡಗಿದರು. ಮಣ್ಣು ಕೊಡವಿ, ಅಂಗಿಯ ತೋಳು ಕೆಳಗಿಳಿಸಿದರೆ ಗಂಡನಿಗೆ ಗೊತ್ತೇ ಆಗುತ್ತಿರಲಿಲ್ಲ. ಟೈಲರಕ್ಕ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಕೆಳಗೆ ಹೋಗಿ ಹೆಲ್ಮೆಟ್ಟನ್ನು ಅವನ ಕೈಗೇ ಕೊಟ್ಟಳು.

"ಬಿದ್ದೆ ರೀ."

ಅಂಚೆಯಣ್ಣ ಬಿರುಕಿನ ಮೇಲೆ ಬೆರಳಾಡಿಸಿದ. ಹೆಂಡತಿಯ ತಲೆಯನ್ನು ಹಿಂದೆ ಮುಂದೆ ತಡವಿ ನೋಡಿದ. ಎಲ್ಲೂ ಒಂದು ಬುಗುಟು ಸಹ ಇರಲಿಲ್ಲ.

"ಮಾತು ಮಾತೇ," ಎಂದಳು ಅವಳು ಸಣ್ಣ ದನಿಯಲ್ಲಿ. "ಇನ್ನು ಮುಟ್ಟಲ್ಲ."

"ಇದು ಇನ್ನು ಕೆಲಸಕ್ಕೆ ಬರಲ್ಲ, ಅಲ್ವಾ?" ಎಂದು ಅವನು ಹುಡುಗಿಯನ್ನು ಕೇಳಿದ.

"ಇಲ್ಲ ಅಣ್ಣ. ಒಂದು ಸಲ ಪೆಟ್ಟು ತಿಂದ್ರೆ ಅದರ ಸೇವೆ ಮುಗೀತು. ಹೊಸದೇ ಬೇಕು."

"ಹಾಗಾದ್ರೆ ಎರಡು ತಂದುಕೊಡಮ್ಮ. ನಿಂದೊಂದು ಒಡೆದಿದಾಳೆ, ಇವಳದನ್ನ ಇವಳೇ ಹೊಲಿದು ಕೆಡಿಸಿದಾಳೆ." ಆಮೇಲೆ ಹೆಂಡತಿಯ ಕಡೆ ತಿರುಗಿ, "ಮುಂದಿನ ಭಾನುವಾರ ಎಷ್ಟು ಹೊತ್ತಿಗೆ?" ಎಂದ.

ಅಕ್ಕಂದಿರೇ, ಅಣ್ಣಂದಿರೇ, ಹೊಸದನ್ನು ಕಲಿಯಲು ವಯಸ್ಸು ಅಡ್ಡಬರುವುದಿಲ್ಲ. ಧಾರಾಳವಾಗಿ ಇಳಿಯಿರಿ, ಆದರೆ ಗೊತ್ತಿದ್ದವರ ಜೊತೆ, ದಾರಿ ನಡೆದು ನೋಡಿ. ಹೆಲ್ಮೆಟ್ಟನ್ನು ಕೊಯ್ಯಬೇಡಿ, ಹೊಲಿಯಬೇಡಿ, ಪಟ್ಟಿ ಬಿಗಿಯದೆ ಹೊರಡಬೇಡಿ. ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ತಲೆನೋವು ಕಂಡರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ. ಗುಡ್ಡಕ್ಕೇ ಹೋಗಬೇಕೆಂದಿಲ್ಲ, ಬೀದಿ ತುದಿಯ ಅಂಗಡಿಗೆ ಹೊರಟರೂ ತಲೆ ಅದೇ ತಲೆ.

ಟೈಲರಕ್ಕ ಹುಡುಗಿಯ ಜೊತೆ ಸೈಕಲ್ ತಳ್ಳುತ್ತ ಮನೆ ಕಡೆ ಹೊರಟಳು. ಅವರನ್ನು ದಾಟಿ ಮುಂದೆ ಹೋದ ಸ್ಕೂಟರ್ ಹತ್ತು ಮಾರು ದೂರದಲ್ಲಿ ನಿಂತಿತು. ಅಂಚೆಯಣ್ಣ ಕನ್ನಡಿಯಿಂದ ಹೆಲ್ಮೆಟ್ಟು ತೆಗೆದು ತಲೆಗಿಟ್ಟ, ಹುಬ್ಬಿನ ಮೇಲೆ ಎರಡು ಬೆರಳಿಟ್ಟು ಅಳೆದ, ಪಟ್ಟಿ ಸಿಕ್ಕಿಸಿದ. ಟಕ್ ಎಂದ ಸದ್ದು ಇವರಿಬ್ಬರಿಗೂ ಕೇಳಿಸಿತು.