ಚಿಕ್ಕ ಡಬ್ಬಿಯ ಮಗಳು

ನನ್ನನ್ನು ಒಂದು ದಿನ ಸಮುದ್ರಕ್ಕೆ ವಾಪಸ್ ಬಿಡುತ್ತೇನೆಂದು ಶಶಿಕಲಾ ಮಾತು ಕೊಟ್ಟಿದ್ದಳು. ಕೊಟ್ಟಿದ್ದು ನನಗಲ್ಲ, ದೋಣಿಯ ಜಟ್ಟಿಗೆ. ಆಗ ಅವಳು ಕಾರವಾರದ ಒಂದು ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ್ದಳು, ಮತ್ತು ನಾನು ಆಗಷ್ಟೇ ಸಮುದ್ರದಿಂದ ಅವಳ ಬಾಟಲಿಗೆ ಬಂದಿದ್ದೆ.

ನಾನು ಒಂದು ಡಯಾಟಮ್. ಉಪ್ಪುನೀರಿನಲ್ಲಿ ತೇಲುತ್ತ, ಬಿಸಿಲಿನಲ್ಲಿ ಅಡುಗೆ ಮಾಡಿಕೊಂಡು ಬದುಕುವ ಒಂದೇ ಒಂದು ಜೀವಕೋಶ. ಕಣ್ಣಿಗೆ ಕಾಣುವುದಿಲ್ಲ. ಕೋಟಿಗಟ್ಟಲೆ ಸೇರಿದರೆ ನೀರಿಗೆ ಕೊಂಚ ಕಂದುಬಣ್ಣ ಬಂದೀತು, ಅಷ್ಟೇ. ನಮಗೆ ಗಾಜಿನ ಮನೆ: ಒಂದು ಡಬ್ಬಿ, ಅದಕ್ಕೊಂದು ಮುಚ್ಚಳ. ನಮ್ಮಲ್ಲಿ ತಾಯಿ ಹೆರುವುದಿಲ್ಲ, ತಾನೇ ಎರಡಾಗಿ ಇಬ್ಬರು ಹೆಣ್ಣುಮಕ್ಕಳಾಗುತ್ತಾಳೆ. ಒಬ್ಬಳಿಗೆ ಮುಚ್ಚಳ, ಇನ್ನೊಬ್ಬಳಿಗೆ ಡಬ್ಬಿ. ಡಬ್ಬಿ ಸಿಕ್ಕವಳು ಅದನ್ನೇ ಮುಚ್ಚಳ ಮಾಡಿಕೊಂಡು, ಒಳಗೆ ಅದಕ್ಕಿಂತ ಸಣ್ಣ ಡಬ್ಬಿ ಕಟ್ಟಿಕೊಳ್ಳಬೇಕು. ನನಗೆ ಪ್ರತಿ ಸಲವೂ ಸಿಕ್ಕಿದ್ದು ಡಬ್ಬಿಯೇ. ಹಾಗಾಗಿ ನಾನು ಎಂದರೆ ನಾನೊಬ್ಬಳೇ ಅಲ್ಲ. ನನ್ನಮ್ಮ, ಅವಳಮ್ಮ ಎಲ್ಲರೂ ಹೌದು. ಅಮ್ಮ ಎಲ್ಲಿ ಎಂದು ನಮ್ಮಲ್ಲಿ ಯಾರೂ ಹುಡುಕುವುದಿಲ್ಲ.

ಅಮ್ಮ ಬಿಟ್ಟುಹೋದದ್ದು ಇನ್ನೊಂದಿದೆ, ಜೀನುಗಳು. ಅವು ಅಟ್ಟದ ಮೇಲಿನ ಪಾತ್ರೆಗಳ ಹಾಗೆ, ಎಲ್ಲವನ್ನೂ ದಿನಾ ಇಳಿಸುವುದಿಲ್ಲ. ಮಳೆಗಾಲದಲ್ಲಿ ತಳದ ತಣ್ಣೀರು ಮೇಲೆದ್ದು ರಂಜಕವನ್ನೂ ನೈಟ್ರೇಟನ್ನೂ ಹೊತ್ತು ತರುತ್ತದೆ. ಆಗ ಉಣ್ಣುವುದು, ಎರಡಾಗುವುದು, ಇಷ್ಟೇ ಕೆಲಸ. ಆಮೇಲೆ ನೀರು ಬರಿದಾಗುತ್ತದೆ. ಆಗ ಹಸಿವಿನ ಕಾಲದ ಪಾತ್ರೆಗಳು ಅಟ್ಟದಿಂದ ಕೆಳಗಿಳಿಯುತ್ತವೆ.

ಮಳೆಗಾಲ ಮುಗಿದ ಹೊತ್ತಿಗೆ, ದೀಪಸ್ತಂಭವಿರುವ ದ್ವೀಪದಾಚೆ, ಶಶಿಕಲಾಳ ನವಿರು ಬಲೆಯಲ್ಲಿ ನಾನು ಸಿಕ್ಕಿಬಿದ್ದೆ. ಜಟ್ಟಿ ಬಾಟಲಿಯೊಳಗೆ ಇಣುಕಿ ನೋಡಿದ.

"ಎಂತ ಅಕ್ಕೋರೆ, ಇಷ್ಟೊತ್ತು ಬಲೆ ಎಳ್ದು ಈ ಕಂದುಬಣ್ಣದ ನೀರಾ? ಇದ್ರ ಸಾರು ಮಾಡೂಕೆ ಮೆಣಸೂ ದಂಡ."

"ಸಾರಿಗಲ್ಲ ಜಟ್ಟಣ್ಣ, ಸಾಕೂಕೆ."

"ತಿಂಬೂಕಲ್ಲ, ಮಾರೂಕಲ್ಲ. ಹಂಗಾರೆ ವಾಪಸ್ ಬಿಡೂಕೆ ಬೇಕು. ನನ್ನ ದೋಣಿಲಿ ಸಣ್ಣ ಏಡಿಮರಿಗೂ ಅದೇ ಪದ್ಧತಿ."

"ಬಿಡ್ತೆ. ಕೆಲಸ ಆದ್ಮೇಲೆ ನಾನೇ ತಂದು ಬಿಡ್ತೆ."

"ನೀರು ಮುಟ್ಟಿ ಹೇಳಿ."

ಅವಳು ನಗುತ್ತಲೇ ಬಗ್ಗಿ, ನೀರು ಮುಟ್ಟಿ ಹೇಳಿದಳು. ಜಟ್ಟಿ ನಗಲಿಲ್ಲ.

ಆಮೇಲೆ ನನ್ನ ಊರು ಒಂದು ಫ್ಲಾಸ್ಕ್. ಬಾಯಿಗೆ ಹತ್ತಿಯ ಬಿರಡೆ, ತಲೆಯ ಮೇಲೆ ಟ್ಯೂಬ್‌ಲೈಟು, ಉಪ್ಪಿನ ಪುಡಿ ಕರಗಿಸಿ ಮಾಡಿದ ಸಮುದ್ರ. ಅದರಲ್ಲಿ ರಂಜಕ, ನೈಟ್ರೇಟ್, ಕಬ್ಬಿಣ ಎಲ್ಲವೂ ತುಂಬಿರುತ್ತಿದ್ದವು. ದಿನವೂ ಹಬ್ಬದೂಟ. ನೀರು ಹಳತಾಗುವ ಮೊದಲೇ ಶಶಿಕಲಾ ನಮ್ಮನ್ನು ಹೊಸ ನೀರಿಗೆ ದಾಟಿಸುತ್ತಿದ್ದಳು. ಫ್ಲಾಸ್ಕನ್ನು ಮೆಲ್ಲಗೆ ಕುಲುಕಿ, "ಉಂಡ್ರಾ?" ಎನ್ನುತ್ತಿದ್ದಳು. ಕೆಳಗಿನಿಂದ ಅವಳ ಗಲ್ಲ, ಕಿವಿ ಮಾತ್ರ ನನಗೆ ಕಾಣುತ್ತಿದ್ದವು. ವರ್ಷಗಳು ಕಳೆದವು, ಕಿವಿಯ ಪಕ್ಕದ ಕೂದಲು ಬೆಳ್ಳಗಾದವು. ನಾನು ಸಣ್ಣಗಾಗುತ್ತ ಹೋದೆ.

ಒಂದು ದಿನ ಅವಳು ನಮ್ಮ ನೀರಿನಿಂದ ರಂಜಕವನ್ನು ತೆಗೆದಳು. ಪಕ್ಕದಲ್ಲಿ ಇನ್ನೊಂದು ಫ್ಲಾಸ್ಕ್, ಅದರಲ್ಲಿ ಸಮುದ್ರದಿಂದ ಆಗಷ್ಟೇ ಬಂದ ನಮ್ಮ ಬಳಗ. ಅವರಿಗೂ ಅದೇ ಉಪವಾಸ. ಅವರು ತಡಮಾಡಲಿಲ್ಲ. ಸತ್ತವರ ಚೂರುಗಳಿಂದ ರಂಜಕವನ್ನು ಕತ್ತರಿಸಿ ತೆಗೆಯುವ ಕಿಣ್ವವನ್ನು ಮೈಮೇಲೆ ಹೊರಡಿಸಿದರು. ತಮ್ಮ ಪೊರೆಯ ಕೊಬ್ಬಿನಿಂದಲೇ ರಂಜಕವನ್ನು ಕಿತ್ತು, ಆ ಜಾಗಕ್ಕೆ ಗಂಧಕದ ಕೊಬ್ಬು ಮೆತ್ತಿಕೊಂಡರು. ನಾವು ಅಟ್ಟದ ಕೆಳಗೆ ನಿಂತು ತಡಕಾಡಿದೆವು. ಯಾವ ಪಾತ್ರೆ ಎಲ್ಲಿದೆಯೆಂದೇ ನೆನಪಿಗೆ ಬರಲಿಲ್ಲ. ಕೊನೆಗೆ ಒಂದೆರಡು ಕೈಗೆ ಸಿಕ್ಕವು, ಬಹಳ ತಡವಾಗಿ. ಆ ಹೊತ್ತಿಗೆ ಯಾವ ಜೀನು ಎದ್ದಿದೆ, ಯಾವುದು ಮಲಗಿದೆ ಎಂದು ಓದಲು ಶಶಿಕಲಾ ನನ್ನ ಕೆಲವು ತಂಗಿಯರನ್ನು ಥಟ್ಟನೆ ಹೆಪ್ಪುಗಟ್ಟಿಸಿದಳು. ಅವರು ಮತ್ತೆ ಬರಲಿಲ್ಲ.

ಕೆಲಸ ಮುಗಿಯಿತು. ನಾವೋ ಇನ್ನು ಸಣ್ಣಗಾಗಲು ಜಾಗವಿಲ್ಲದಷ್ಟು ಸಣ್ಣಗಾಗಿದ್ದೆವು. ಅಷ್ಟಕ್ಕಿಂತ ಕೆಳಗೆ ಬದುಕಿಲ್ಲ. ಶಶಿಕಲಾ ಫ್ಲಾಸ್ಕನ್ನು ಸೆರಗಿನಲ್ಲಿ ಮುಚ್ಚಿಕೊಂಡು ಜಟ್ಟಿಯ ದೋಣಿ ಹತ್ತಿದಳು.

"ಬಂದ್ರಾ! ಅಕ್ಕೋರು ಮರ್ತೇಬಿಟ್ರು ಅಂದ್ಕಂಡಿದ್ದೆ."

ದ್ವೀಪದಾಚೆ ದೋಣಿ ನಿಂತಿತು. ಅವಳು ಹತ್ತಿಯನ್ನು ಅರ್ಧ ಎಳೆದಳು. ಸಂದಿಯಿಂದ ಉಪ್ಪುಗಾಳಿ ಒಳಗೆ ಬಂತು. ಅವಳು ಹತ್ತಿಯನ್ನು ಮತ್ತೆ ಒತ್ತಿಬಿಟ್ಟಳು.

"ಆಗೂದಿಲ್ಲ ಜಟ್ಟಣ್ಣ."

"ಎಂತಕೆ?"

"ಇವು ಫ್ಲಾಸ್ಕಲ್ಲೇ ಬೆಳ್ದು ಬೇರೆನೇ ಆಗಿದಾವೆ. ಇವಕ್ಕೆ ಹಸಿವು ತಡೆಯೂದು ಮರ್ತೋಗಿದೆ. ಅಲ್ಲಿ ಉಳಿಯೂದು ಕಷ್ಟ. ಉಳಿದ್ರೆ ಅಲ್ಲಿಯವಕ್ಕೆ ಏನು ಕಾಟ ಆಗ್ತದೋ, ಅದೂ ಗೊತ್ತಿಲ್ಲ."

"ನೀರು ಮುಟ್ಟಿ ಹೇಳಿದ್ರಿ."

"ಹೇಳಿದ್ದೆ."

ಜಟ್ಟಿ ಫ್ಲಾಸ್ಕಿನತ್ತ ಬೆರಳು ಮಾಡಿದ. "ಹಂಗಾರೆ ಇದ್ರಲ್ಲೇ ಸಾಯ್ತಾವಾ?"

"ಸಾಯಬಹುದು."

ಅವನು ಎದ್ದು, ಕುಡಿಯುವ ನೀರಿನ ಕ್ಯಾನನ್ನು ಬರಿದು ಮಾಡಿ, ಅದರ ತುಂಬ ಸಮುದ್ರ ಮೊಗೆದು ಅವಳ ಕಾಲ ಬಳಿ ಇಟ್ಟ. "ಹಬ್ಬದೂಟ ಸಾಕು. ಇದನ್ನ ಕುಡಿಸಿ. ತೌರಿನ ನೀರು."

ಇದರಿಂದ ಏನಾದೀತು ಎಂಬ ನಂಬಿಕೆ ಅವಳಿಗಿರಲಿಲ್ಲ. ಆದರೂ ಕೂಸಿಗೆ ಮಾಡುವಂತೆ ಸೋಸಿ, ಕಾಯಿಸಿ, ಆರಿಸಿ, ಏನನ್ನೂ ಬೆರೆಸದೆ ನಮ್ಮನ್ನು ಅದಕ್ಕೆ ದಾಟಿಸಿದಳು. ಉಣ್ಣಲು ಏನೂ ಇಲ್ಲದ ಬರಿ ನೀರು. ಬಹಳ ಮಂದಿ ಸತ್ತರು. ಉಳಿದವರಲ್ಲಿ, ಆ ಹಸಿವಿಗೆ, ಯಾರೂ ಇಷ್ಟು ಕಾಲ ಮುಟ್ಟದ ಒಂದು ಪಾತ್ರೆ ಅಟ್ಟದಿಂದ ತಾನಾಗಿ ಇಳಿಯಿತು. ನಮ್ಮೊಳಗಿನ ಇಬ್ಬರು ಗಾಜು ಕಳಚಿ ಒಂದಾದರು. ಹಾಗೆ ಒಂದಾದ ಜೀವ ಗುಳ್ಳೆಯಂತೆ ಊದಿಕೊಂಡಿತು, ಒಳಗೆ ಹೊಸ ಗಾಜು ಕಟ್ಟಿತು. ಅಜ್ಜಿಯರ ಅಜ್ಜಿಯಷ್ಟು ದೊಡ್ಡ ಮನೆ. ಅದರೊಳಗೆ ನಾನಿದ್ದೆ.

ಶಶಿಕಲಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ ಫೋನು ಮಾಡಿದಳು.

"ಜಟ್ಟಣ್ಣ, ದೊಡ್ಡದು ಹುಟ್ತು!"

"ಎಂತದು?"

"ಹೆಣ್ಣು."

"ಹೆಸರಿಡೂ ದಿನ ಕರೀರಿ. ಮೀನು ನಾ ತತ್ತೆ."

ಈಗ ನಾನು ಕಿಟಕಿಯ ಪಕ್ಕದ ಕಪಾಟಿನ ಮೂಲೆಯಲ್ಲಿದ್ದೇನೆ. ಮತ್ತೆ ಎರಡಾಗುತ್ತಿದ್ದೇನೆ, ಮತ್ತೆ ಸಣ್ಣಗಾಗುತ್ತಿದ್ದೇನೆ. ಜಟ್ಟಿ ಆಗಾಗ ಕ್ಯಾನು ತಂದು ಬಾಗಿಲಲ್ಲಿಟ್ಟು ಹೋಗುತ್ತಾನೆ. ಶಶಿಕಲಾ ಒಮ್ಮೊಮ್ಮೆ ಊಟ ಕೊಡುತ್ತಾಳೆ, ಒಮ್ಮೊಮ್ಮೆ ಬೇಕೆಂದೇ ಕೊಡುವುದಿಲ್ಲ. ಕೊಡದ ದಿನ ಫ್ಲಾಸ್ಕಿನ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾಳೆ. ಮಕ್ಕಳಿಗೆ ತುಂಬಿದ ತಟ್ಟೆಯ ಜೊತೆ ಅಟ್ಟದ ದಾರಿಯನ್ನೂ ತೋರಿಸಬೇಕಾಗುತ್ತದೆ. ಅದು ಅವಳಿಗೂ ತಡವಾಗಿ ತಿಳಿಯಿತು, ನನಗೂ.

ನನ್ನನ್ನು ಸಮುದ್ರಕ್ಕೆ ಬಿಡಲಿಲ್ಲ. ಕೊಟ್ಟ ಮಾತು ನಡೆಯಲಿಲ್ಲ.