ಕರೆದುಕೊಂಡು ಹೋಗುವವರು

"ಈ ಸೈಕಲ್ ನಿಮ್ಮದೇನಾ?" ಎಂದು ಪೊಲೀಸಿನವನು ಎರಡನೆಯ ಸಲ ಕೇಳಿದ.

ಮೊದಲ ಸಲ ನೆಲ್ವಿ ಹೌದು ಎಂದಿದ್ದಳು. ಅಷ್ಟರಲ್ಲಿ ಅವನು ಮಂಡಿಯೂರಿ, ಸೀಟಿನ ಕೆಳಗಿನ ಕೊಳವೆಗೆ ಅಂಟಿಸಿದ್ದ ನೋಂದಣಿಯ ಹಳದಿ ಚೀಟಿಯ ಮೇಲೆ ಟಾರ್ಚು ಬಿಟ್ಟು, ಹೆಗಲಿಗೆ ಸಿಕ್ಕಿಸಿಕೊಂಡಿದ್ದ ವೈರ್‌ಲೆಸ್ಸಿಗೆ ಅದರ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದ್ದ. ಆಚೆಯಿಂದ ಉತ್ತರ ಬಂದ ಮೇಲೆ ಅವನ ದನಿ ಇನ್ನಷ್ಟು ಮೆತ್ತಗಾಗಿತ್ತು. ಅವಳಿಗೆ ಭಯ ಹುಟ್ಟಿಸಿದ್ದು ಆ ಮೆತ್ತನೆಯ ದನಿಯೇ.

"ನಮ್ಮ ಸೀನಿಯರ್ ಕೊಟ್ಟದ್ದು. ಊರಿಗೆ ವಾಪಸ್ ಹೋಗುವಾಗ."

"ಅವರ ಹೆಸರು ತಕೆಶಿತಾ ಅಂತಲಾ?"

"ಅಲ್ಲ, ಯುಸ್ರಿ. ನಮ್ಮ ದೇಶದವರು. ಇಂಡೋನೇಷ್ಯಾ."

"ಹಾಗಾ," ಎಂದು ಅವನು ಎದ್ದು ಮಂಡಿಯ ಮೇಲಿನ ಕೆಸರು ಒರೆಸಿಕೊಂಡ. "ಮಳೆ ಜೋರಾಗ್ತಿದೆ. ಒಳಗೆ ಕೂತು ಮಾತಾಡೋಣ್ವಾ? ಹೀಟರ್ ಇದೆ."

ರೈಲು ನಿಲ್ದಾಣದ ಎದುರಿನ ಪೊಲೀಸ್ ಚೌಕಿ ಎಂದರೆ ಒಂದೇ ಕೋಣೆ. ಒಂದು ಮೇಜು, ಮಡಚುವ ಕುರ್ಚಿಗಳು, ಗೋಡೆಯ ತುಂಬ ಊರಿನ ನಕ್ಷೆ, ಸೀಮೆಎಣ್ಣೆ ಹೀಟರಿನ ಮೇಲೆ ಕುದಿಯದ, ಆರಲೂ ಆರದ ಒಂದು ಕೆಟಲ್. ಮುಂಭಾಗವೆಲ್ಲ ಗಾಜು. ಸಂಜೆಯ ರೈಲಿಳಿದು ಹಿಮ ಬೆರೆತ ಮಳೆಗೆ ಕೊಡೆ ಬಿಡಿಸುತ್ತಿದ್ದವರೆಲ್ಲ ಒಂದು ಕ್ಷಣ ಒಳಗೆ ನೋಡಿ, ನೋಡಿಲ್ಲವೆಂಬಂತೆ ಮುಂದೆ ಹೋಗುತ್ತಿದ್ದರು. ಟ್ಯೂಬ್‌ಲೈಟಿನ ಕೆಳಗೆ ಪೊಲೀಸಿನವನ ಎದುರು ಕುಳಿತ, ತಲೆಗೆ ಬಟ್ಟೆ ಸುತ್ತಿದ ಹುಡುಗಿ. ಈ ಊರಿನಲ್ಲಿ ಅಂಥ ಬಟ್ಟೆ ಸುತ್ತುವವಳು ತಾನೊಬ್ಬಳೇ ಎಂಬುದು ನೆಲ್ವಿಗೆ ಗೊತ್ತಿತ್ತು. ಸೋಮವಾರದ ಹೊತ್ತಿಗೆ ತರಕಾರಿ ಅಂಗಡಿಯವಳಿಗೂ ಗೊತ್ತಾಗಿರುತ್ತದೆ.

ಪೊಲೀಸಿನವನ ಹೆಸರು ಹೊಸೊಯಾ. ಎದೆಯ ಪಟ್ಟಿಯ ಮೇಲೆ ಅವಳು ಓದಿಕೊಂಡಳು. ಅವನು ನಿಧಾನವಾಗಿ, ಅವಳಿಗೆ ತಿಳಿಯುವ ಮಾತುಗಳನ್ನೇ ಆರಿಸಿಕೊಂಡು ವಿವರಿಸಿದ. ಸೈಕಲ್ ತಕೆಶಿತಾ ಎಂಬವರದು. ಕೆಲವು ವರ್ಷಗಳ ಹಿಂದೆ ಇದೇ ನಿಲ್ದಾಣದ ಸ್ಟ್ಯಾಂಡಿನಿಂದ ಕಳುವಾಗಿದೆ. ದೂರು ಇನ್ನೂ ಹಾಗೇ ಇದೆ.

"ನೀವು ಕದ್ರಿ ಅಂತ ನಾನು ಹೇಳ್ತಿಲ್ಲ. ಆಗ ನೀವು ಈ ದೇಶದಲ್ಲೇ ಇರಲಿಲ್ಲ, ನಿಮ್ಮ ಕಾರ್ಡೇ ಹೇಳುತ್ತಲ್ಲ. ಆದರೂ..." ಅವನು ತಲೆ ಓರೆ ಮಾಡಿ ಹಲ್ಲುಗಳ ನಡುವೆ ಸಣ್ಣಗೆ ಉಸಿರೆಳೆದುಕೊಂಡ. ಬಾಡಿಗೆ ಮನೆ ಕೇಳಿಕೊಂಡು ಹೋದಲ್ಲೆಲ್ಲ ಅವಳು ಈ 'ಆದರೂ' ಕೇಳಿದ್ದಳು. ಅದರ ನಂತರ ಯಾರೂ ಮಾತು ಮುಗಿಸುತ್ತಿರಲಿಲ್ಲ.

ಪ್ರತಿ ಮಾರ್ಚಿನಲ್ಲೂ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್ಲಿನ ಕೆಳಗೆ ಹೋಗುವವರು ಬರುವವರಿಗೆ ಸಾಮಾನು ಬಿಟ್ಟು ಹೋಗುತ್ತಾರೆ. ಅನ್ನದ ಕುಕ್ಕರ್, ರಜಾಯಿ, ಪರದೆ, ಸೈಕಲ್. ಸೈಕಲ್ಲಿನ ಹೆಸರು ಬದಲಾಯಿಸಬೇಕೆಂದು ಯಾರೂ ಯಾರಿಗೂ ಹೇಳುವುದಿಲ್ಲ. ಹೇಳುವವರಿಗೂ ಗೊತ್ತಿರುವುದಿಲ್ಲ. ಹೀಗೆ ಅದು ಎಷ್ಟು ಕೈ ದಾಟಿತ್ತೋ. ಒಂದೊಂದು ಹಂತವೂ ಸರಿಯಾಗಿದ್ದು, ಕೊನೆಯ ಉತ್ತರ ಮಾತ್ರ ತಪ್ಪು ಬರುವ ಲೆಕ್ಕದ ಹಾಗೆ ಅವಳಿಗೆ ಅನ್ನಿಸಿತು. ಎಲ್ಲಿ ತಪ್ಪಿತೆಂದು ಹುಡುಕಲು ಹಿಂದಿನ ಹಾಳೆಗಳೇ ಇರಲಿಲ್ಲ.

"ಈಗ ಬೇಕಾದ್ದು ಒಂದೇ," ಎಂದ ಹೊಸೊಯಾ. "ಇಲ್ಲಿ ನಿಮ್ಮನ್ನ ಚೆನ್ನಾಗಿ ಬಲ್ಲವರು ಯಾರಾದ್ರೂ ಬಂದು, ಇವರು ನಮ್ಮವರು ಅಂತ ಹೇಳಿ ಕರ್ಕೊಂಡು ಹೋಗ್ಬೇಕು. ಅಷ್ಟಾದ್ರೆ ಸೈಕಲ್ ಇಲ್ಲಿ ಬಿಟ್ಟು ನೀವು ಹೋಗಬಹುದು. ವಿಷಯ ಇಲ್ಲಿಗೇ ಮುಗೀತು."

"ಯಾರೂ ಬರದೇ ಇದ್ರೆ?"

"ಯೂನಿವರ್ಸಿಟಿ ಆಫೀಸಿಗೆ ತಿಳಿಸಬೇಕಾಗುತ್ತೆ. ನಿಯಮ, ಏನು ಮಾಡೋದು."

ನೆಲ್ವಿಯ ವಿದ್ಯಾರ್ಥಿ ವಿನಿಮಯದ ವರ್ಷ ಮಾರ್ಚಿಗೆ ಮುಗಿಯುತ್ತದೆ. ಮುಂದೆ ಇಲ್ಲೇ ಎಂ.ಎಸ್‌ಸಿ.ಗೆ ಉಳಿಯಲು ಅವಳ ಪ್ರೊಫೆಸರ್ ನಿಶಿಯೋಕಾ ಸೆನ್ಸೇ ಅವಳ ಹೆಸರನ್ನು ಶಿಫಾರಸು ಮಾಡಬೇಕು. ಸೋಮವಾರ ಸಮಿತಿ ಕೂರುತ್ತದೆ. ಕಳವಿನ ವಿಷಯದಲ್ಲಿ ಪೊಲೀಸರ ಫೋನ್ ಬಂದ ವಿದ್ಯಾರ್ಥಿನಿಯ ಹೆಸರನ್ನು ಆ ಮೇಜಿನ ಮೇಲೆ ಯಾರಿಡುತ್ತಾರೆ? ಅವಳ ಊರು ಪಾಯಕುಂಬುವಿನಲ್ಲಿ ಮಾವನ ಜೆರಾಕ್ಸ್ ಅಂಗಡಿ ಇತ್ತು. ಜೀವಶಾಸ್ತ್ರದಲ್ಲಿ ಕಾಲೇಜಿಗೇ ಮೊದಲು ಬಂದಿದ್ದ ಅಕ್ಕ ಯೆನಿ ಈಗ ಅಲ್ಲಿ ಕುಳಿತು, ಬೇರೆಯವರ ಅಂಕಪಟ್ಟಿಗಳನ್ನು ಬಿಸಿ ರೋಲರಿನೊಳಗೆ ತೂರಿಸಿ ಲ್ಯಾಮಿನೇಟ್ ಮಾಡುತ್ತಾಳೆ. ಪಕ್ಕದಲ್ಲಿ ಇನ್ನೊಂದು ಸ್ಟೂಲ್ ಖಾಲಿ ಇದೆ ಎಂದು ಮಾವ ಪ್ರತಿ ಸಲವೂ ಫೋನಿನಲ್ಲಿ ನಗುತ್ತಾ ಹೇಳುತ್ತಿದ್ದ.

ಅವಳು ಮೊದಲು ಯುಸ್ರಿಗೇ ಫೋನ್ ಮಾಡಿದಳು.

"ಏನು ತಂಗಿ! ಹಿಮ ಬಿತ್ತಾ ಅಲ್ಲಿ?" ಹಿಂದೆ ತಟ್ಟೆ ಚಮಚಗಳ ಸದ್ದು, ಯಾರೋ ನಗುವ ಸದ್ದು. "ನಾವಿಲ್ಲಿ ಬೆವರಲ್ಲಿ ಸ್ನಾನ ಮಾಡ್ತಿದ್ದೀವಿ."

"ಅಣ್ಣ, ನೀವು ಕೊಟ್ರಲ್ಲ ಸೈಕಲ್..."

"ಆ ಕತ್ತೆ ಇನ್ನೂ ಓಡ್ತಿದ್ಯಾ? ಬ್ರೇಕ್ ಹಿಡಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಅರಚ್ತಿತ್ತು!"

ಅವಳು ವಿಷಯ ಹೇಳಿದಳು. ಚಮಚದ ಸದ್ದು ನಿಂತಿತು. ಅವನು ಎದ್ದು ಎಲ್ಲೋ ಹೊರಗೆ ಬಂದಿರಬೇಕು. ನಗುವವರ ದನಿ ದೂರವಾಯಿತು.

"ನಾನು ಕದ್ದಿಲ್ಲ ಕಣೇ. ನಂಗೆ ಆ ನೇಪಾಳದವನು ಕೊಟ್ಟ. ಅವನಿಗೆ ಯಾರು ಕೊಟ್ರೋ."

"ಅದನ್ನೇ ಇವರಿಗೆ ಹೇಳಿ ಅಣ್ಣ. ನಿಮಗೆ ಜಪಾನಿ ಚೆನ್ನಾಗಿ ಬರುತ್ತೆ. ಫೋನ್ ಕೊಡ್ತೀನಿ, ಇಲ್ಲೇ ಇದ್ದಾರೆ."

"ತಂಗಿ, ತಡಿ, ಕೊಡ್ಬೇಡ. ಕೇಳು. ಏಪ್ರಿಲ್‌ಗೆ ನಾನೂ ಪಿಎಚ್.ಡಿ.ಗೆ ಅಂತ ಅಲ್ಲಿಗೇ ಬರೋದಿದೆ. ವೀಸಾಕ್ಕೆ ಅರ್ಜಿ ಕೊಟ್ಟಾಗಿದೆ. ಈಗ ನನ್ನ ಹೆಸರು ಅಲ್ಲಿ..."

"ಆಗಲೇ ಹೇಳಿಬಿಟ್ಟೆ."

"ಪೂರ್ತಿ ಹೆಸರಾ?"

"ಯುಸ್ರಿ ಅಂತ ಅಷ್ಟೇ."

"ಅಬ್ಬಾ! ಹಾಗಾದ್ರೆ ಬಿಡು. ನಮ್ಮಲ್ಲಿ ಓಣಿಗೊಬ್ಬ ಯುಸ್ರಿ ಇದ್ದಾನೆ." ಅವನು ನಗಲು ನೋಡಿದ. "ಏನೂ ಆಗಲ್ಲ ತಂಗಿ. ಜಪಾನಿನವರು ಒಳ್ಳೆಯವರು. ಅಳಬೇಡ, ಆಯ್ತಾ?"

ಅವಳು ಅಳುತ್ತಿರಲಿಲ್ಲ. ಫೋನು ಇಟ್ಟ ಮೇಲೆ ಹೊಸೊಯಾ ಕಾಗದದ ಲೋಟದಲ್ಲಿ ಚಹಾ ಬಗ್ಗಿಸಿ ಅವಳ ಮುಂದಿಟ್ಟ. "ಈ ಊರಲ್ಲಿ ಯಾರೂ ಇಲ್ವಾ?" ಎಂದ.

ಇದ್ದರು. ಪ್ರಯೋಗಾಲಯದ ಹುಡುಗ ಹುಡುಗಿಯರೆಲ್ಲ ಫೋನಿನ ಚಿತ್ರಗಳಲ್ಲಿ ಅವಳ ಪಕ್ಕದಲ್ಲಿ ಎರಡು ಬೆರಳೆತ್ತಿ ನಿಂತಿದ್ದರು. ಆದರೆ ಅವರಲ್ಲಿ ಒಬ್ಬರ ಫೋನ್ ನಂಬರೂ ಅವಳ ಹತ್ತಿರವಿರಲಿಲ್ಲ. ಒಂದು ದಿನ ಎಲ್ಲರೂ ಸೇರಿ ಊಟಕ್ಕೆ ಹೋಗೋಣ ಎಂದು ಅವರು ವಸಂತದಿಂದಲೂ ಹೇಳುತ್ತಿದ್ದರು. ಶನಿವಾರದ ಕುವಾಬಾರಾ ಅಮ್ಮನ ಹೆಸರು ಕಂಡಾಗ ಮಾತ್ರ ಅವಳ ಬೆರಳು ತಾನಾಗಿ ನಿಂತಿತು. ಊರಿನ ವಿದೇಶಿ ವಿದ್ಯಾರ್ಥಿಗಳಿಗೆ ಮಾತು ಕಲಿಸುವ ಗೃಹಿಣಿ. ನೆಲ್ವಿ ಊಟಕ್ಕೆ ಬಂದ ದಿನ ಅಡುಗೆಗೆ ಹಂದಿಯ ಕೊಬ್ಬು ಸೇರದಂತೆ ಸಾರಿನ ಪುಡಿಯ ಪೊಟ್ಟಣಗಳ ಹಿಂದಿನ ಸಣ್ಣ ಅಕ್ಷರಗಳನ್ನು ಕನ್ನಡಕ ಏರಿಸಿಕೊಂಡು ಓದುತ್ತಿದ್ದಳು. ಮಗಳು ಟೋಕಿಯೋಗೆ ಹೋದ ಮೇಲೆ ಮಡಚಿಟ್ಟಿದ್ದ ಕಿಮೋನೋವನ್ನು ನೆಲ್ವಿಗೆ ಉಡಿಸಿ, ತಲೆಯ ಬಟ್ಟೆಗೆ ಹೊಂದುವ ಬಣ್ಣದ ಸೊಂಟಪಟ್ಟಿಯನ್ನೂ ಹುಡುಕಿ ಕಟ್ಟಿದ್ದಳು.

"ಅಯ್ಯೋ ನೆಲ್ವಿ, ಈ ಮಳೇಲಿ ಎಲ್ಲಿದ್ದೀಯಾ? ಕೊಡೆ ಇದ್ಯಾ? ಊಟ ಆಯ್ತಾ?"

ಪ್ರತಿ ಪ್ರಶ್ನೆಗೂ ಉತ್ತರಿಸಿ, ಕೊನೆಗೆ ನೆಲ್ವಿ ಎಲ್ಲಿದ್ದೇನೆಂದು ಹೇಳಿದಳು. ಆಚೆ ಕಡೆ ಟಿ.ವಿ.ಯ ಸದ್ದು ಕಡಿಮೆಯಾಯಿತು. "ಹೌದಾ... ಪಾಪ... ಎಂಥ ಕಷ್ಟ ಬಂತು," ಎಂದಳು ಕುವಾಬಾರಾ. ಗಂಡನ ದನಿಯಿರಬೇಕು, ಏನೋ ಒಂದು ಚಿಕ್ಕ ಪ್ರಶ್ನೆ. "ಕಂದಾ, ಆ ಪೊಲೀಸಿನವರಿಗೆ ಸ್ವಲ್ಪ ಫೋನ್ ಕೊಡ್ತೀಯಾ?"

ನೆಲ್ವಿ ಎರಡೂ ಕೈಯಲ್ಲಿ ಫೋನನ್ನು ಹೊಸೊಯಾನ ಮುಂದೆ ಹಿಡಿದಳು. ಅವನು ಎದ್ದು ನಿಂತೇ ಮಾತಾಡಿದ. ಕಾಣದ ಹೆಂಗಸಿಗೆ ಮತ್ತೆ ಮತ್ತೆ ತಲೆ ಬಾಗಿಸುತ್ತಾ, "ಹೌದು, ಹೌದು. ಅರ್ಥ ಆಗುತ್ತೆ. ಖಂಡಿತ. ಹೊತ್ತಲ್ಲದ ಹೊತ್ತಲ್ಲಿ ತೊಂದರೆ ಕೊಟ್ಟೆವು," ಎಂದ. ನೆಲ್ವಿ ಆಗಲೇ ಬ್ಯಾಗಿನ ಪಟ್ಟಿಯನ್ನು ಹೆಗಲಿಗೇರಿಸಿಕೊಂಡಿದ್ದಳು. ಕುವಾಬಾರಾಳ ಮನೆ ಹತ್ತಿರವೇ, ಸೇತುವೆ ದಾಟಿದರೆ ಸಿಗುತ್ತದೆ.

ಅವನು ಫೋನಿನ ಗಾಜನ್ನು ತೋಳಿನ ಅಂಚಿನಿಂದ ಒರೆಸಿ ಹಿಂದಿರುಗಿಸಿದ.

"ತುಂಬಾ ಒಳ್ಳೆ ಹುಡುಗಿ ಅಂದ್ರು. ಶನಿವಾರ ಭಾಷೆ ಕಲಿಯೋಕೆ ಬರ್ತೀರಂತೆ."

"ಅವರು ಇಲ್ಲಿಗೆ ಬರ್ತಾರಂತಾ?"

ಹೊಸೊಯಾ ಕೆಟಲ್ಲಿನ ಕಡೆ ನೋಡಿದ. "ಅದರಾಚೆಗೆ ನಿಮ್ಮ ಸ್ವಂತ ವಿಷಯ ಅವರಿಗೆ ಏನೂ ಗೊತ್ತಿಲ್ಲವಂತೆ."

"ಅಮ್ಮ ಅಂತ ಕರಿ ಅಂದಿದ್ರು," ಎಂದಳು ನೆಲ್ವಿ. ಅಂದ ಕೂಡಲೇ, ಇದನ್ನು ಈ ಮನುಷ್ಯನ ಮುಂದೆ ಹೇಳಬಾರದಿತ್ತು ಎನ್ನಿಸಿತು. ಅವನು ಏನೂ ಕೇಳಿಸದವನಂತೆ ಮೇಜಿನ ಮೇಲಿನ ಪೆನ್ನುಗಳನ್ನು ನೇರ ಮಾಡಿದ. ಆಮೇಲೆ ಬಹಳ ಸಂಕೋಚದಿಂದ ಮೇಜಿನ ಫೋನನ್ನು ತನ್ನ ಕಡೆಗೆ ಎಳೆದುಕೊಂಡ. "ಆಫೀಸು ಇಷ್ಟು ಹೊತ್ತಿಗೆ ಮುಚ್ಚಿರಲ್ಲ ಅಲ್ವಾ?"

"ಒಂದು ನಿಮಿಷ. ಇನ್ನೊಬ್ಬರು ಇದ್ದಾರೆ."

ಯಾರಿಗೆ ಗೊತ್ತಾಗಬಾರದೆಂದು ಇಷ್ಟು ಹೊತ್ತು ಹೆಣಗಾಡಿದಳೋ, ಈಗ ಅವರೇ ಉಳಿದಿದ್ದರು. ಆಫೀಸಿಗೆ ತಿಳಿದರೆ ಸಮಿತಿಗೆ ತಿಳಿಯುತ್ತದೆ. ಸೆನ್ಸೇಗೆ ತಿಳಿದರೆ ಸೆನ್ಸೇಗೆ ಮಾತ್ರ. ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದೆಂದು ಅಳೆಯುವಷ್ಟು ವ್ಯವಧಾನ ಉಳಿದಿರಲಿಲ್ಲ. ಅವರ ನಂಬರು ಅವಳಲ್ಲಿದ್ದುದು ಒಂದೇ ಕಾರಣಕ್ಕೆ. ಸರೋವರದ ಕಪ್ಪೆಚಿಪ್ಪುಗಳನ್ನು ಸಾಕಿದ್ದ ತೊಟ್ಟಿಗಳ ಗಾಳಿಯ ಪಂಪು ನಿಂತರೆ ಯಾವ ಹೊತ್ತಿನಲ್ಲಾದರೂ ತಿಳಿಸಬೇಕೆಂದು ಎಲ್ಲ ವಿದ್ಯಾರ್ಥಿಗಳಿಗೂ ಕೊಟ್ಟಿದ್ದರು.

"ಕೆಳಗೆ ಪಂಪು ನಿಂತಿತಾ?" ಎಂದಿತು ದನಿ, ಹೆಸರನ್ನೂ ಕೇಳದೆ.

"ಇಲ್ಲ ಸೆನ್ಸೇ. ಪಂಪು ಓಡ್ತಿದೆ. ನಾನು... ನಾನು ಪೊಲೀಸ್ ಚೌಕಿಯಲ್ಲಿದ್ದೀನಿ."

ಅವಳು ಕಲಿತ ಮಾತುಗಳೆಲ್ಲ ಅಲ್ಲಿಗೆ ಖಾಲಿಯಾದವು. ಸೈಕಲ್, ಸೀನಿಯರ್, ಬೇರೆಯವರ ಹೆಸರು ಎಂದು ಬಿಡಿಬಿಡಿಯಾಗಿ ಹೇಳಿದಳು. ಸೆನ್ಸೇ "ಯಾವ ಚೌಕಿ?" ಎಂದು ಮಾತ್ರ ಕೇಳಿ ಫೋನಿಟ್ಟರು.

ಚಹಾ ಆರಿತು. ಇನ್ನೊಂದು ರೈಲು ಬಂದು ಹೋಯಿತು. ಹೊಸೊಯಾ ತನ್ನ ಮಗಳಿಗೂ ಜೀವಶಾಸ್ತ್ರವೆಂದರೆ ಇಷ್ಟವೆಂದು ಹೇಳಿದ. ನೆಲ್ವಿ ಒಳ್ಳೆಯದು ಎಂದಳು.

ಬಾಗಿಲು ಸರಿಸಿಕೊಂಡು ಬಂದ ನಿಶಿಯೋಕಾ ಸೆನ್ಸೇ ಕೊಡೆ ತಂದಿರಲಿಲ್ಲ. ತೆಳ್ಳಗಿನ ಕೂದಲು ನೆತ್ತಿಗೆ ಅಂಟಿತ್ತು. ಕಾಲಲ್ಲಿ ಪ್ರಯೋಗಾಲಯದೊಳಗೆ ಮಾತ್ರ ಹಾಕುವ ಹಸಿರು ರಬ್ಬರ್ ಚಪ್ಪಲಿ. ಆ ಚಪ್ಪಲಿಯಲ್ಲಿ ಕಾರಿಡಾರಿಗೆ ಕಾಲಿಟ್ಟ ಹುಡುಗನನ್ನು ಅವರು ಎಲ್ಲರೆದುರು ನಿಲ್ಲಿಸಿ ಬೈದಿದ್ದನ್ನು ಅವಳು ನೋಡಿದ್ದಳು. ಈಗ ಕಾಲುಚೀಲ ಕಣಕಾಲಿನವರೆಗೂ ತೊಯ್ದು ಕಪ್ಪಾಗಿತ್ತು. ಅವರು ನೆಲ್ವಿಯ ಕಡೆ ನೋಡಲೇ ಇಲ್ಲ. ಹೊಸೊಯಾನ ಮುಂದೆ ನಿಂತು, ಕೈಗಳನ್ನು ತೊಡೆಗೆ ಅಂಟಿಸಿ, ಸೊಂಟದಿಂದ ಪೂರ್ತಿ ಬಗ್ಗಿದರು.

"ನಮ್ಮ ವಿದ್ಯಾರ್ಥಿನಿಯಿಂದ ತಮಗೆ ಬಹಳ ತೊಂದರೆಯಾಯ್ತು. ಹೇಳಿಕೊಡದೇ ಇದ್ದದ್ದು ನನ್ನ ತಪ್ಪು. ದಯವಿಟ್ಟು ಕ್ಷಮಿಸಬೇಕು."

"ಅಯ್ಯೋ, ಇಲ್ಲ ಇಲ್ಲ, ಈ ಮಳೆಯಲ್ಲಿ ತಾವು," ಎನ್ನುತ್ತಾ ಹೊಸೊಯಾ ಗಡಬಡಿಸಿ ಎದ್ದು ತಾನೂ ಬಗ್ಗಿದ.

ನೆಲ್ವಿ ಕುರ್ಚಿಯ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದಳು. "ಸೆನ್ಸೇ, ನಾನು ಕದ್ದಿಲ್ಲ," ಎಂದಳು.

"ಗೊತ್ತು. ತಲೆ ಬಗ್ಗಿಸಿ."

"ಅವರಿಗೆ ಹೇಳಿ ಸೆನ್ಸೇ. ಕದ್ದಿಲ್ಲ ಅಂತ."

"ಅವರಿಗೂ ಗೊತ್ತು."

"ಮತ್ತೆ ಯಾಕೆ?"

ಸೆನ್ಸೇ ಬಗ್ಗಿಯೇ ಇದ್ದರು. ತಪ್ಪು ಮಾಡದವಳು ತಲೆ ಬಗ್ಗಿಸಬಾರದೆಂದು ಅವಳಿಗೆ ಅಜ್ಜಿ ಕಲಿಸಿದ್ದಳು, ಅಮ್ಮ ಕಲಿಸಿದ್ದಳು. ಒಮ್ಮೆ ಬಗ್ಗಿಸಿದರೆ ಈ ಕೋಣೆಯಲ್ಲಿ ತಾನು ಕದ್ದೇ ಇರಲಿಲ್ಲ ಎಂಬುದು ಎಲ್ಲಿ ಉಳಿಯುತ್ತದೆ? ಗಾಜಿನಾಚೆ ಕೊಡೆಗಳು ಸಾಗುತ್ತಿದ್ದವು. ಸೆನ್ಸೇಯ ತೊಯ್ದ ಬೆನ್ನು ಸಣ್ಣಗೆ ನಡುಗುತ್ತಿತ್ತು.

"ನೀವು ಬಗ್ಗೋವರೆಗೆ ನಾನು ಏಳೋ ಹಾಗಿಲ್ಲ, ನೆಲ್ವಿ ಅವರೇ," ಎಂದರು ಅವರು, ನೆಲ ನೋಡುತ್ತಲೇ. "ನನ್ನ ಸೊಂಟ ಅಷ್ಟು ಸರಿಯಿಲ್ಲ."

ನೆಲ್ವಿ ಬಗ್ಗಿದಳು. ತಲೆಯ ಬಟ್ಟೆ ಜಾರಿ ಕೆನ್ನೆಗೆ ಬಂತು, ಸರಿಪಡಿಸಿಕೊಳ್ಳಲು ಕೈ ಎತ್ತಲಿಲ್ಲ. ಹತ್ತಿರದಲ್ಲೇ ಸೆನ್ಸೇಯ ಉಸಿರು ಕೇಳಿಸುತ್ತಿತ್ತು. ಓಡಿ ಬಂದವರ ಉಸಿರು.

"ಸೆನ್ಸೇ," ಎಂದು ಅವಳು ಪಿಸುಗುಟ್ಟಿದಳು. "ಸೋಮವಾರ..."

"ನೋಡೋಣ," ಎಂದರು ಅವರು.

ಅವಳ ಕಣ್ಣಿನಿಂದ ಒಂದು ಹನಿ ಮೂಗಿನ ತುದಿಗಿಳಿದು ನೆಲಕ್ಕೆ ಬಿತ್ತು. ಎಷ್ಟು ಹೊತ್ತು ಬಗ್ಗಿರಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲು ಯಾರು ಏಳಬೇಕೆಂಬುದೂ ಅವಳಿಗೆ ಗೊತ್ತಿರಲಿಲ್ಲ.

ಗಾಜಿನ ಬಾಗಿಲು ಸರಿದು ತಣ್ಣನೆಯ ಗಾಳಿ ಒಳಗೆ ಬಂತು. ಬಗ್ಗಿದ ಕಣ್ಣಿಗೆ ಕಂಡದ್ದು ಒಂದು ಜೊತೆ ಮೋಟು ರಬ್ಬರ್ ಬೂಟು, ಒಂದು ಊರುಗೋಲಿನ ತುದಿ. "ಯಾವುದೋ ಮಗುವಿನ ಕೈಗವಸು, ಸೇತುವೆ ಹತ್ತಿರ ಬಿದ್ದಿತ್ತು..." ಎಂದು ಆರಂಭಿಸಿದ ಮುದುಕಿಯ ದನಿ ಅಲ್ಲಿಗೇ ನಿಂತಿತು. ಊರುಗೋಲನ್ನು ಗೋಡೆಗೆ ಒರಗಿಸಿದ ಸದ್ದಾಯಿತು. ಆಮೇಲೆ, ಅವಳೂ ಬಗ್ಗುತ್ತಿದ್ದಂತೆ, ಪುಟ್ಟ ಕೆಂಪು ಕೈಗವಸೊಂದನ್ನು ಹಿಡಿದ ಎರಡು ಸುಕ್ಕುಗಟ್ಟಿದ ಕೈಗಳು ಕೋಟಿನ ಗುಂಡಿಗಳ ಮುಂದಿನಿಂದ ನಿಧಾನವಾಗಿ ಕೆಳಗಿಳಿದು, ಮಂಡಿಯ ಹತ್ತಿರ ಬಂದು ನಿಂತವು.