ಎರಡು ಗಂಟೆಯ ಮಾತ್ರೆ

ಬಿಸಿಲು ಮಂಚದ ಕಾಲಿನ ತನಕ ಬಂದಿದೆ, ಎರಡು ಗಂಟೆ ಆಗಿರಬೇಕು, ಮಾತ್ರೆಯ ಹೊತ್ತು, ಹೊರಗೆ ಗುಬ್ಬಿ ಸಂತೆಯಿಂದ ಮರಳುವ ಆಟೋಗಳ ಸದ್ದು — ಸ್ಟ್ರಿಪ್ಪಿನ ಮೇಲೆ ನರ್ಸ್ ತ್ರಿವೇಣಿ ಕೆಂಪು ಪೆನ್ನಿನಲ್ಲಿ ಬರೆದಿದ್ದಾಳೆ, ಅನಂತರಾಜು, ಒಂದೇ ಮಾತ್ರೆ, ನನ್ನ ಗಂಡನ ಹೆಸರಿನ ಪಕ್ಕ ನನ್ನ ತಪ್ಪು, ಮೊದಲಿನ ನೋವಿನ ಮಾತ್ರೆ, ಮಾರ್ಫಿನ್, ಹತ್ತು ಎಂಜಿಯದು, ಸಲಕ್ಕೆ ಎರಡು ಕೊಡುತ್ತಿದ್ದೆ, ಹೋದ ತಿಂಗಳು ತುಮಕೂರಿನ ಆಸ್ಪತ್ರೆಯಿಂದ ಬಂದದ್ದು ಮೂವತ್ತರದು, ಅಕ್ಕಾ ಇನ್ಮೇಲೆ ಒಂದೇ ಸಾಕು ಅಂದಿದ್ದಳು, ಹೂಂ ಅಂದಿದ್ದೆ, ಆದರೆ ಅವತ್ತು ಕೈ ಅಭ್ಯಾಸದಲ್ಲಿ ಎರಡು ಬಿಡಿಸಿ ಕೊಟ್ಟಿತು, ಸ್ವಲ್ಪ ಹೊತ್ತಿಗೆ ಅವರ ಹಣೆಯ ಗಂಟು ಸಡಿಲವಾಯಿತು, ಬೆನ್ನುಮೂಳೆಗೆ ಇಳಿದ ಕ್ಯಾನ್ಸರ್ ಒಂದು ವರ್ಷದಿಂದ ಬಿಗಿದಿದ್ದ ಗಂಟು, ಪ್ರೇಮ, ಬಾ ಕೂತ್ಕೊ ಅಂದರು, ಪ್ರೇಮ ಅಂತ, ಅಂತರಸನಹಳ್ಳಿಯ ಕಾರ್ಖಾನೆಯ ಲೇತ್ ಕೆಲಸ ಬಿಟ್ಟು ಅವರು ಹಾಸಿಗೆ ಹಿಡಿದ ಮೇಲೆ ನಾನು ಬರೀ ಲೇ ನೀರು, ಲೇ ಹೊರಳಿಸು ಆಗಿಹೋಗಿದ್ದೆ, ಮದ್ವೆಯಾದ್ ಹೊಸದ್ರಲ್ಲಿ ಕುಣಿಗಲ್ ಕೆರೆ ಏರಿ ಮೇಲೆ ನಿನ್ ಚಪ್ಲಿ ಕಿತ್ತೋಗಿ ನನ್ ಬೂಟ್ ಹಾಕ್ಕೊಂಡ್ ನಡೆದ್ಯಲ್ಲ, ಹೆಂಗ್ ಕಾಣ್ತಿದ್ದೆ ಗೊತ್ತೇನೆ, ನಕ್ಕರು, ನಾನೂ ನಕ್ಕೆ, ನನ್ನ ಬೆರಳು ಹಿಡಿದುಕೊಂಡೇ ನಿದ್ದೆ ಹೋದರು — ನಿದ್ದೆಯಲ್ಲ ಅದು, ಅಲುಗಾಡಿಸಿದರೂ ಏಳುತ್ತಿಲ್ಲ, ತುಟಿ ನೀಲಿ, ಫೋನಿನಲ್ಲಿ ತ್ರಿವೇಣಿ, ಅಕ್ಕಾ ಎಷ್ಟ್ ಕೊಟ್ರಿ, ಉಸಿರು ಎಣ್ಸಿ, ನಿಮಿಷಕ್ಕೆ ಆರು, ಬರೀ ಆರು, ಆಂಬುಲೆನ್ಸ್, ತುಮಕೂರು, ಮಾರ್ಫಿನ್ ಇಳಿಸುವ ಒಂದು ಇಂಜೆಕ್ಷನ್, ಕಣ್ಣು ಬಿಟ್ಟರು, ಬಿಟ್ಟೊಡನೆ ನೋವೆಲ್ಲ ಒಟ್ಟಿಗೆ ಮರಳಿ ವಾರ್ಡ್ ಪೂರ್ತಿ ಕೇಳುವಂತೆ ಕಿರುಚಿದರು, ಉಳಿದರಲ್ಲ ಅಂತ ನಾನು ಅತ್ತೆ, ಆದರೆ ನಕ್ಕು ಮಾತಾಡಿದ ಆ ಅರ್ಧ ಗಂಟೆ, ಯಾರಿಗೂ ಹೇಳಲಾರೆ, ಅವರ ಜೀವಕ್ಕೇ ಕುತ್ತಾಗಿದ್ದ ಆ ಅರ್ಧ ಗಂಟೆಯೇ ಬೇಕು ನನಗೆ, ದಿನಾ ಬೇಕು, ಹಾಗೆ ನಗುವ ಗಂಡ ಬೇಕು, ಅವರಿಗೂ ಅದೇ ಬೇಕು, ಎರಡ್ ಕೊಡೆ, ಅವತ್ ಕೊಟ್ಯಲ್ಲ, ಹಂಗೆ, ಈಗಲೂ ಅನ್ನುತ್ತಾರೆ, ಆಗಲ್ಲ ರೀ, ಯಾಕಾಗಲ್ಲ, ನೀವು ಬೇಕು ರೀ ನಂಗೆ, ಅವರು ನನ್ನನ್ನೇ ನೋಡುತ್ತಾರೆ, ಹಿಂಗಾ, ನರಳ್ಕೊಂಡಾ? ಒಂದು ಮಾತ್ರೆ ಬಿಡಿಸಿ ಅವರ ಅಂಗೈಯಲ್ಲಿಟ್ಟೆ, ನೀರು ಕುಡಿಸಿದೆ, ನುಂಗಿದರು, ಉಳಿದ ಸ್ಟ್ರಿಪ್ಪನ್ನು ಸೆರಗಿಗೆ ಗಂಟು ಹಾಕಿಕೊಂಡೆ, ಏಳಬೇಕು, ನೋವು ತಡೀತಿಲ್ಲ ಅಂತ ತ್ರಿವೇಣಿಗೆ ಫೋನ್ ಮಾಡಬೇಕು, ಡಾಕ್ಟರನ್ನು ಕೇಳಿ ಹೇಳ್ತಾಳೆ, ಅನ್ನಕ್ಕೆ ಇಡಬೇಕು, ಏಳಬೇಕು — ಆದರೆ ಅವರ ಆ ಕೈ, ನುಂಗಿ ಆದ ಮೇಲೂ ಕೆಳಗಿಳಿಯದ ಆ ಅಂಗೈ, ಖಾಲಿ, ನನ್ನ ಕಡೆಗೇ ಚಾಚಿಕೊಂಡಿದೆ, ಇನ್ನೂ ಚಾಚಿಕೊಂಡೇ